ಕುಟುಂಬ ವೈದ್ಯರು ಮತ್ತು ದಿನನಿತ್ಯದ ಆರೋಗ್ಯ ರಕ್ಷಣೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಅವಳಿ ನಗರದ ಬಡಾವಣೆಗಳಿರಲಿ, ಗದಗ-ಬೆಟಗೇರಿಯ ಓಣಿಗಳಿರಲಿ, ಹಾವೇರಿ ಜಿಲ್ಲೆಯ ಹಳ್ಳಿಗಳಿರಲಿ, ನಮ್ಮ ಜನ ವೈದ್ಯರ ಬಾಗಿಲಿಗೆ ಬರುವುದು ಬಹುಮಟ್ಟಿಗೆ ಬೇನೆ ತಡೆಯಲಾರದಂತಾದ ಮೇಲೆ. ಆ ಹೊತ್ತಿಗೆ ವೈದ್ಯರಿಗೆ ಕಾಣುವುದು ರೋಗ ಮಾತ್ರ. ಆ ರೋಗ ಬೆಳೆದುಬಂದ ಹಿಂದಿನ ಹತ್ತು ವರ್ಷಗಳು ಅವರಿಗೆ ಗೊತ್ತಿರುವುದಿಲ್ಲ. ಆ ವರ್ಷಗಳನ್ನೂ ಬಲ್ಲ ಒಬ್ಬ ವೈದ್ಯರು ಪ್ರತಿ ಮನೆಗೂ ಇರಬೇಕೆಂಬ ಕಳಕಳಿಯಿಂದ ಈ ಉತ್ತರಗಳನ್ನು ಬರೆದಿದ್ದೇನೆ. ಪ್ರಶ್ನೆಗಳು ನಮ್ಮ ಭಾಗದ ದವಾಖಾನೆಗಳಲ್ಲಿ ದಿನವೂ ಕೇಳಿಬರುವಂಥವು.

ಮೈಯಲ್ಲಿ ಯಾವ ತೊಂದರೆಯೂ ಇಲ್ಲದಿರುವಾಗ ವೈದ್ಯರನ್ನು ಏಕೆ ಕಾಣಬೇಕು?

ಇಂದು ನಮ್ಮನ್ನು ಹೆಚ್ಚು ಕಾಡುತ್ತಿರುವ ಕಾಯಿಲೆಗಳು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವಂಥವು. ರಕ್ತದೊತ್ತಡ ಏರಿದವರಲ್ಲಿ ಬಹಳಷ್ಟು ಮಂದಿಗೆ ತಲೆನೋವೂ ಇರುವುದಿಲ್ಲ, ತಲೆ ಸುತ್ತುವುದೂ ಇಲ್ಲ. ಸಕ್ಕರೆ ಕಾಯಿಲೆ ತೀರಾ ಹೆಚ್ಚಾದ ಮೇಲಷ್ಟೇ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿತ ಕಾಣಿಸಿಕೊಳ್ಳುತ್ತವೆ. ಮೂತ್ರಪಿಂಡಗಳು ತಮ್ಮ ಶಕ್ತಿಯ ದೊಡ್ಡ ಪಾಲನ್ನು ಕಳೆದುಕೊಳ್ಳುವವರೆಗೂ ಮನುಷ್ಯನಿಗೆ ಸುಳಿವು ಸಿಗುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಈ ಹೊಸ್ತಿಲಲ್ಲಿ ನಿಂತವರೇ ತಡೆಗಟ್ಟುವ ವೈದ್ಯಕೀಯದಿಂದ ಅತಿ ಹೆಚ್ಚು ಲಾಭ ಪಡೆಯಬಲ್ಲವರು, ಆದರೆ ತಾವು ಅಲ್ಲಿ ನಿಂತಿದ್ದೇವೆಂದು ಅವರಿಗೆ ತಿಳಿಯುವ ದಾರಿ ತಪಾಸಣೆಯೊಂದೇ.

ಒಂದು ಉದಾಹರಣೆ ನೋಡೋಣ. ನಲವತ್ತು ವರ್ಷದ ಒಬ್ಬರ ಖಾಲಿ ಹೊಟ್ಟೆಯ ಸಕ್ಕರೆ ಮೂರು ವರ್ಷದ ಹಿಂದೆ 84, ಎರಡು ವರ್ಷದ ಹಿಂದೆ 91, ಈ ವರ್ಷ 99 ಇದೆ ಎಂದುಕೊಳ್ಳಿ. ಮೂರೂ ವರದಿಗಳನ್ನು ಮೂರು ಲ್ಯಾಬಿನವರು ‘ನಾರ್ಮಲ್’ ಎಂದೇ ಕೊಟ್ಟಿರುತ್ತಾರೆ, ಏಕೆಂದರೆ 100ರಿಂದ 125ರ ನಡುವೆ ಇದ್ದರೆ ಮಾತ್ರ ಅದು ಸಕ್ಕರೆ ಕಾಯಿಲೆಯ ಪೂರ್ವ ಹಂತ, 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ. ಮೂರು ಅಂಕಿಗಳನ್ನೂ ಒಂದೇ ಹಾಳೆಯಲ್ಲಿ ನೋಡುವ ವೈದ್ಯರಿಗೆ ಮಾತ್ರ ಅದು ಮೇಲಕ್ಕೇರುತ್ತಿರುವುದು ಕಾಣುತ್ತದೆ. ಅವರಿಗೆ ಆ ವ್ಯಕ್ತಿಯ ತಂದೆಗೆ ಸಕ್ಕರೆ ಕಾಯಿಲೆ ಇದ್ದದ್ದೂ, ಎರಡು ವರ್ಷಗಳಿಂದ ಸೈಕಲ್ ಬಿಟ್ಟು ಮೋಟಾರು ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತಿರುವುದೂ ಗೊತ್ತಿದ್ದರೆ, ಕಾಯಿಲೆ ಬರುವ ಮೊದಲೇ ಮಾತಾಡಬೇಕಾದ ಮಾತನ್ನು ಅವರು ಆಡಬಲ್ಲರು.

ಕುಟುಂಬ ವೈದ್ಯರೆಂದರೆ ಯಾರು? ಅವರಿಗೆ ಯಾವ ಪದವಿ ಇರಬೇಕು?

ಎಂಬಿಬಿಎಸ್ ಮುಗಿಸಿ ಸಾಮಾನ್ಯ ಚಿಕಿತ್ಸೆ ನಡೆಸುವ ವೈದ್ಯರು, ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಎನ್‌ಬಿ ಅಥವಾ ಎಂಡಿ ಮಾಡಿದವರು, ಜನರಲ್ ಮೆಡಿಸಿನ್ ಓದಿ ಬಡಾವಣೆಯಲ್ಲಿ ದವಾಖಾನೆ ಇಟ್ಟವರು, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು, ಎಲ್ಲರೂ ಈ ಕೆಲಸ ಮಾಡಬಲ್ಲರು. ಪದವಿಯಷ್ಟೇ ಮುಖ್ಯವಾದದ್ದು ಅವರ ಕೆಲಸದ ರೀತಿ: ಮಗುವಿನಿಂದ ಅಜ್ಜನವರೆಗೆ ಮನೆಯ ಎಲ್ಲರನ್ನೂ ನೋಡುವುದು, ಅಂಗಾಂಗಗಳಿಗೆ ಬದಲಾಗಿ ಇಡೀ ಮನುಷ್ಯನನ್ನು ಗಮನಿಸುವುದು, ವರ್ಷಗಳ ಕಾಲ ಜೊತೆಗಿರುವುದು. ಔಷಧ ಚೀಟಿಯ ಮೇಲೆ ಅವರ ಪದವಿ ಮತ್ತು ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಅಚ್ಚಾಗಿದೆಯೇ, ದವಾಖಾನೆಗೆ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಇದೆಯೇ ಎಂಬುದನ್ನು ನೋಡಿಕೊಳ್ಳುವುದು ನಿಮ್ಮ ಹಕ್ಕು. ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ.

ಹುಬ್ಬಳ್ಳಿಯಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳಿವೆ. ನೇರವಾಗಿ ಸ್ಪೆಷಲಿಸ್ಟ್ ಬಳಿಯೇ ಹೋದರೆ ಒಳ್ಳೆಯದಲ್ಲವೇ?

1957ರಲ್ಲಿ ಆರಂಭವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು, ಅಂದರೆ ಜನ ಕಿಮ್ಸ್ ಎಂದು ಕರೆಯುವ ಆಸ್ಪತ್ರೆ, ಇಡೀ ಉತ್ತರ ಕರ್ನಾಟಕಕ್ಕೆ ಆಸರೆಯಾಗಿ ನಿಂತಿದೆ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆ ಇದೆ, ಗದಗ ಮತ್ತು ಹಾವೇರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಇವುಗಳಿಲ್ಲದೆ ನಮ್ಮ ಭಾಗದ ಕಷ್ಟದ ರೋಗಿಗಳಿಗೆ ಗತಿಯಿಲ್ಲ. ಆದರೆ ಎದೆ ಉರಿ ಬಂದವರು ಹೃದಯ ತಜ್ಞರಲ್ಲಿಗೂ, ತಲೆನೋವು ಬಂದವರು ನರರೋಗ ತಜ್ಞರಲ್ಲಿಗೂ ತಾವೇ ನಿರ್ಧರಿಸಿ ಹೋದರೆ, ತಪ್ಪು ಬಾಗಿಲು ತಟ್ಟುವ ಸಂಭವವೇ ಹೆಚ್ಚು. ಪ್ರತಿಯೊಬ್ಬ ತಜ್ಞರೂ ತಮ್ಮ ವಿಷಯದ ಔಷಧವನ್ನು ಸರಿಯಾಗಿಯೇ ಬರೆಯುತ್ತಾರೆ. ಎಲ್ಲ ಚೀಟಿಗಳನ್ನು ಕೂಡಿಸಿ ನೋಡುವವರು ಮಾತ್ರ ಯಾರೂ ಇರುವುದಿಲ್ಲ. ಮೊಣಕಾಲಿಗೆ ಒಬ್ಬರು ಬರೆದ ನೋವಿನ ಗುಳಿಗೆ ಇನ್ನೊಬ್ಬರು ಇಳಿಸಲು ಹೆಣಗುತ್ತಿರುವ ರಕ್ತದೊತ್ತಡವನ್ನು ಏರಿಸುತ್ತಿರಬಹುದು, ಒಂದೇ ಔಷಧ ಎರಡು ಕಂಪನಿಗಳ ಹೆಸರಿನಲ್ಲಿ ಎರಡು ಸಲ ಹೊಟ್ಟೆ ಸೇರುತ್ತಿರಬಹುದು. ಇದನ್ನು ಹಿಡಿಯುವುದು ಕುಟುಂಬ ವೈದ್ಯರ ಕೆಲಸ.

ಒಬ್ಬರೇ ವೈದ್ಯರನ್ನು ದೀರ್ಘಕಾಲ ಕಾಣುವುದರ ಫಲವೇನೆಂದು ಒಂಬತ್ತು ದೇಶಗಳ 22 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಮರ್ಶೆ 2018ರಲ್ಲಿ ಪ್ರಕಟವಾಯಿತು. ಅವುಗಳ ಪೈಕಿ 18 ಅಧ್ಯಯನಗಳಲ್ಲಿ, ವೈದ್ಯರನ್ನು ಬದಲಾಯಿಸದೆ ಇದ್ದವರ ಸಾವಿನ ಪ್ರಮಾಣ ಕಡಿಮೆ ಇತ್ತು. ಇದು ಕಾರಣ-ಪರಿಣಾಮವನ್ನು ಪೂರ್ತಿಯಾಗಿ ಸಾಬೀತುಪಡಿಸುವುದಿಲ್ಲ ನಿಜ, ಆದರೂ ವೈದ್ಯ ವೃತ್ತಿಯಲ್ಲಿರುವವರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಆರೋಗ್ಯವಾಗಿರುವ ವಯಸ್ಕರು ಯಾವ ತಪಾಸಣೆಗಳನ್ನು ಮಾಡಿಸಿಕೊಳ್ಳಬೇಕು?

ಪಟ್ಟಿ ಜನರು ಅಂದುಕೊಂಡಿರುವುದಕ್ಕಿಂತ ಚಿಕ್ಕದು. ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಂತೆ 30 ವರ್ಷ ದಾಟಿದ ಎಲ್ಲರಿಗೂ ರಕ್ತದೊತ್ತಡ, ಸಕ್ಕರೆ, ಬಾಯಿಯ ಕ್ಯಾನ್ಸರ್ ತಪಾಸಣೆ ಆಗಬೇಕು. ಹೆಣ್ಣುಮಕ್ಕಳಿಗೆ ಇವುಗಳ ಜೊತೆಗೆ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ. ತೂಕ ಮತ್ತು ಸೊಂಟದ ಸುತ್ತಳತೆಯನ್ನು ವರ್ಷಕ್ಕೊಮ್ಮೆ ಬರೆದಿಟ್ಟುಕೊಳ್ಳಬೇಕು. ನಮ್ಮ ದೇಶದ ಗಂಡಸರಲ್ಲಿ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ, ಕೈಕಾಲು ತೆಳ್ಳಗಿದ್ದರೂ ಹೊಟ್ಟೆಯ ಕೊಬ್ಬು ಅಪಾಯ ತರುತ್ತದೆ. ತಂದೆ-ತಾಯಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ, ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದರೆ, ತಂಬಾಕಿನ ಚಟವಿದ್ದರೆ, 30 ವರ್ಷದವರೆಗೆ ಕಾಯದೆ ಮೊದಲೇ ಆರಂಭಿಸಬೇಕು. ಕೊಲೆಸ್ಟರಾಲ್, ಥೈರಾಯ್ಡ್, ಇಸಿಜಿ ಮುಂತಾದವು ಯಾರಿಗೆ ಬೇಕು, ಎಷ್ಟು ದಿನಕ್ಕೊಮ್ಮೆ ಬೇಕು ಎಂಬುದು ನಿಮ್ಮ ಮನೆತನದ ಚರಿತ್ರೆಯನ್ನೂ ನಿಮ್ಮ ಮೈಯನ್ನೂ ನೋಡಿ ವೈದ್ಯರು ಹೇಳಬೇಕಾದ ಮಾತು.

ಹಾಗಾದರೆ ರಿಯಾಯಿತಿ ದರದಲ್ಲಿ ಬರುವ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜು ಬೇಡವೇ?

ಬಹುಪಾಲು ಜನರಿಗೆ ಬೇಡ. ಎಪ್ಪತ್ತು ಎಂಬತ್ತು ಪರೀಕ್ಷೆಗಳನ್ನು ಒಂದೇ ಸಲ ಮಾಡಿದರೆ, ಪೂರ್ಣ ಆರೋಗ್ಯವಂತರಲ್ಲೂ ಎರಡು ಮೂರು ಅಂಕಿಗಳು ಮಿತಿಯಿಂದ ಆಚೆ ಬೀಳುವುದು ಲೆಕ್ಕಾಚಾರದ ಸಹಜ ಪರಿಣಾಮ. ಆ ದಪ್ಪ ಅಕ್ಷರದ ಅಂಕಿಗಳನ್ನು ನೋಡಿ ನಿದ್ದೆ ಕಳೆದುಕೊಂಡು ಮತ್ತೆ ಸ್ಕ್ಯಾನು, ಮತ್ತೆ ಪರೀಕ್ಷೆ ಎಂದು ಅಲೆಯುವವರನ್ನು ನಾವು ನೋಡುತ್ತಲೇ ಇದ್ದೇವೆ. ರೋಗಲಕ್ಷಣವಿಲ್ಲದ ವಯಸ್ಕರಿಗೆ ಮಾಡುವ ಇಂಥ ಸಾಮಾನ್ಯ ಆರೋಗ್ಯ ತಪಾಸಣೆಯಿಂದ ಸಾವಿನ ಪ್ರಮಾಣ ಕಡಿಮೆಯಾಗುವುದಿಲ್ಲವೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2019ರ ಪರಾಮರ್ಶೆಯೂ ತೀರ್ಮಾನಿಸಿದೆ. ಹಿಂದಿನ ಉತ್ತರದಲ್ಲಿ ಹೇಳಿದ ಕೆಲವೇ ತಪಾಸಣೆಗಳು ಬೇರೆ, ಏಕೆಂದರೆ ಅವುಗಳಲ್ಲಿ ಕಂಡ ತೊಂದರೆಗೆ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಈಗಾಗಲೇ ಪ್ಯಾಕೇಜು ಮಾಡಿಸಿದ್ದರೆ ವರದಿಯನ್ನು ಎಸೆಯಬೇಡಿ, ಮೊಬೈಲಿನಲ್ಲಿ ಹುಡುಕಿ ಅರ್ಥ ಮಾಡಿಕೊಳ್ಳಲೂ ಹೋಗಬೇಡಿ. ನಿಮ್ಮ ವೈದ್ಯರ ಮುಂದಿಡಿ.

ಬಿಪಿ ಗುಳಿಗೆ ಒಮ್ಮೆ ಶುರು ಮಾಡಿದರೆ ಸಾಯುವವರೆಗೂ ಬಿಡುವಂತಿಲ್ಲವಂತೆ. ಆದಷ್ಟು ಮುಂದೂಡುವುದು ಒಳ್ಳೆಯದಲ್ಲವೇ?

ಈ ಭಯವೇ ನಮ್ಮ ಭಾಗದಲ್ಲಿ ಅನೇಕರನ್ನು ಲಕ್ವದ ಕಡೆಗೆ ನೂಕಿದೆ. ಗುಳಿಗೆ ಚಟ ಹಿಡಿಸುವುದಿಲ್ಲ. ರಕ್ತದೊತ್ತಡ ಏರುವ ಪ್ರವೃತ್ತಿ ಬಹುಕಾಲ ಉಳಿಯುವಂಥದ್ದಾದ್ದರಿಂದ ಔಷಧವೂ ಬಹುಕಾಲ ಬೇಕಾಗುತ್ತದೆ, ಅಷ್ಟೇ. ಉಪ್ಪು ಕಡಿಮೆ ಮಾಡಿ, ತೂಕ ಇಳಿಸಿ, ದಿನವೂ ನಡೆದು ಔಷಧದ ಪ್ರಮಾಣ ತಗ್ಗಿಸಿಕೊಂಡವರಿದ್ದಾರೆ, ಆದರೆ ಅದನ್ನು ವೈದ್ಯರು ಅಳೆದು ನೋಡಿ ಮಾಡಬೇಕೇ ಹೊರತು ‘ಈಗ ಆರಾಮ ಅದೀನಿ’ ಎಂದು ತಾವೇ ನಿಲ್ಲಿಸಬಾರದು.

ಅಳೆಯುವ ಕ್ರಮವನ್ನೂ ತಿಳಿದುಕೊಳ್ಳಿ. ಅಳೆಯುವ ಅರ್ಧ ಗಂಟೆ ಮೊದಲಿನಿಂದ ಚಹಾ, ತಂಬಾಕು ಬೇಡ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತಿರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಅಳೆಯುವಾಗ ಮಾತಾಡಬಾರದು. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಅದಕ್ಕಿಂತ ಮೇಲೆಯೇ ಇದ್ದರೆ ಅದು ರಕ್ತದೊತ್ತಡದ ಕಾಯಿಲೆ. ಬಸ್ಸಿನಿಂದಿಳಿದು ಮೆಟ್ಟಿಲು ಹತ್ತಿ ಓಡಿಬಂದು ಒಂದೇ ಸಲ ಅಳೆಸಿಕೊಂಡ ಅಂಕಿಯನ್ನು ನಂಬಿ ಗುಳಿಗೆ ಶುರು ಮಾಡುವುದೂ ಸರಿಯಲ್ಲ, ಅಂಥ ಅಂಕಿಯನ್ನು ‘ಅವಸರದಾಗ ಬಂದಿದ್ದೆ’ ಎಂದು ಮರೆತುಬಿಡುವುದೂ ಸರಿಯಲ್ಲ.

ನಾವು ಜೋಳದ ರೊಟ್ಟಿ ತಿನ್ನುವವರು. ನಮಗೂ ಸಕ್ಕರೆ ಕಾಯಿಲೆ ಬರುತ್ತದೆಯೇ?

ಬರುತ್ತದೆ, ಬರುತ್ತಲೂ ಇದೆ. ಜೋಳ, ಸಜ್ಜೆ ಒಳ್ಳೆಯ ಧಾನ್ಯಗಳು. ಅವುಗಳಲ್ಲಿ ಪಾಲಿಶ್ ಅಕ್ಕಿಗಿಂತ ನಾರಿನಂಶ ಹೆಚ್ಚು. ಆದರೆ ಅವುಗಳಲ್ಲೂ ಪಿಷ್ಟವೇ ಮುಖ್ಯವಾದದ್ದರಿಂದ ಎಷ್ಟು ರೊಟ್ಟಿ ಎಂಬುದು ಲೆಕ್ಕಕ್ಕೆ ಬರುತ್ತದೆ. ದಿನವಿಡೀ ಹೊಲದಲ್ಲಿ ದುಡಿಯುತ್ತಿದ್ದ ಅಜ್ಜ ತಿಂದಷ್ಟೇ ರೊಟ್ಟಿಯನ್ನು ಅಂಗಡಿಯ ಗಲ್ಲೆಯ ಮುಂದೆ ಕೂರುವ ಮೊಮ್ಮಗ ತಿಂದರೆ ಮೈ ತಡೆಯುವುದಿಲ್ಲ. ನಮ್ಮ ಹಳೆಯ ಊಟದ ತಾಟಿನಲ್ಲಿದ್ದ ಮಡಕಿಕಾಳು, ಹೆಸರುಕಾಳು, ಪುಂಡಿಪಲ್ಲೆ, ಮೆಂತ್ಯೆ, ಹಸಿ ಸೌತೆಕಾಯಿ, ಮೊಸರು ಇವೆಲ್ಲ ಹಿಂದೆ ಸರಿದು, ಆ ಜಾಗಕ್ಕೆ ಸಂಜೆಯ ಮಿರ್ಚಿ ಬಜಿ ಮತ್ತು ದಿನಕ್ಕೆ ಐದಾರು ಸಲದ ಸಕ್ಕರೆ ಚಹಾ ಬಂದಿರುವುದು ನಿಜವಾದ ಕಳವಳದ ಸಂಗತಿ. ಧಾರವಾಡ ಪೇಢೆಯನ್ನು ಹಬ್ಬಕ್ಕೆ ಒಂದು ತಿಂದರೆ ಯಾರಿಗೂ ಏನೂ ಆಗುವುದಿಲ್ಲ. ಚಹಾದ ಸಕ್ಕರೆಯೇ ದಿನನಿತ್ಯದ ಶತ್ರು.

ಉಪ್ಪಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು, ಅಂದರೆ ಒಂದು ಚಹಾ ಚಮಚಕ್ಕೂ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಶೇಂಗಾ ಚಟ್ನಿ, ಕೆಂಪು ಚಟ್ನಿ ಎಲ್ಲವೂ ತಾಟಿನಲ್ಲಿದ್ದರೆ ಈ ಮಿತಿ ಮಧ್ಯಾಹ್ನದ ಊಟಕ್ಕೇ ದಾಟಬಹುದು.

ಪೂರ್ವ ಹಂತದಲ್ಲಿರುವವರು ಎದೆಗುಂದಬೇಕಾಗಿಲ್ಲ. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಊಟ ಮತ್ತು ನಡಿಗೆಯ ಬದಲಾವಣೆಯಿಂದಲೇ ಸಕ್ಕರೆ ಕಾಯಿಲೆಗೆ ತಿರುಗುವ ಅಪಾಯ 28.5 ಶೇಕಡಾದಷ್ಟು ತಗ್ಗಿತ್ತು. ವಾರಕ್ಕೆ 150 ನಿಮಿಷದ ಬಿರುಸಿನ ನಡಿಗೆ ಎಂಬ ಗುರಿಯನ್ನು ಉಣಕಲ್ ಕೆರೆಯ ದಂಡೆಯಲ್ಲಾಗಲಿ, ಊರಾಚೆಯ ಹೊಲದ ದಾರಿಯಲ್ಲಾಗಲಿ ಮುಟ್ಟಬಹುದು.

ಮನೆಯ ಹೆಣ್ಣುಮಕ್ಕಳ ವಿಷಯದಲ್ಲಿ ವೈದ್ಯರು ವಿಶೇಷವಾಗಿ ಏನು ಗಮನಿಸುತ್ತಾರೆ?

ಮೊದಲನೆಯದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆ ಇದೆ. ಸದಾ ದಣಿವು, ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಇವನ್ನೆಲ್ಲ ‘ಹೆಣ್ಣುಮಕ್ಕಳಿಗೆ ಇದು ಇದ್ದದ್ದೇ’ ಎಂದು ಸಹಿಸಿಕೊಂಡು ಬಂದಿರುವ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಹಿಮೋಗ್ಲೋಬಿನ್ 12ಕ್ಕಿಂತ, ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ಚಿಕಿತ್ಸೆ ಬೇಕು. ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ತೆಗೆದುಕೊಂಡರೆ ಅದು ಮೈಗೆ ಹತ್ತುವುದಿಲ್ಲ; ಲಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿಯುವ ರೂಢಿಯನ್ನು ಒಂದು ಗಂಟೆ ಮುಂದೂಡಿದರೂ ಲಾಭವಿದೆ. ಗುಳಿಗೆ ನುಂಗಿಯೂ ರಕ್ತ ಏರದಿದ್ದರೆ ಮುಟ್ಟಿನ ಅತಿಸ್ರಾವವೋ, ಹೊಟ್ಟೆಯ ಜಂತುವೋ, ಬೇರೇನಾದರೂ ಇದೆಯೋ ಎಂದು ಹುಡುಕಬೇಕಾದವರು ವೈದ್ಯರು.

ಎರಡನೆಯದು ಗರ್ಭಕಂಠದ ಕ್ಯಾನ್ಸರ್. ಇದು ಪೂರ್ವ ಹಂತದಲ್ಲೇ ಗುರುತಿಸಿ ಪೂರ್ತಿ ತಡೆಯಬಹುದಾದ ಕ್ಯಾನ್ಸರ್. 30 ವರ್ಷ ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಂಡರೆ ಸಾಕು. 9ರಿಂದ 14 ವರ್ಷದ ಹುಡುಗಿಯರಿಗೆ, ಈ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸನ್ನು ತಡೆಯುವ ಎಚ್‌ಪಿವಿ ಲಸಿಕೆ ಕೊಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ. ನಾಚಿಕೆಯಿಂದ ಈ ತಪಾಸಣೆಯನ್ನು ಮುಂದೂಡುವವರಿಗೆ, ತಮ್ಮನ್ನು ಹದಿನೈದು ವರ್ಷಗಳಿಂದ ಬಲ್ಲ ವೈದ್ಯರ ಒಂದು ಮಾತು ಕೊಡುವ ಧೈರ್ಯವನ್ನು ಯಾವ ಪೋಸ್ಟರೂ ಕೊಡಲಾರದು.

ಗರ್ಭಿಣಿಯರು ಆದಷ್ಟು ಬೇಗ ಹೆಸರು ನೋಂದಾಯಿಸಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಅವರಿಗೆ ಉಚಿತ ವಿಶೇಷ ತಪಾಸಣೆ ನಡೆಯುತ್ತದೆ.

ಸೊಸೆ, ಅತ್ತೆ, ಗಂಡ ಎಲ್ಲರಿಗೂ ಒಬ್ಬರೇ ವೈದ್ಯರಾದರೆ ಗುಟ್ಟು ಉಳಿಯುತ್ತದೆಯೇ?

ಉಳಿಯಲೇಬೇಕು. ಒಬ್ಬ ರೋಗಿ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಮನೆಯವರಿಗೂ ಹೇಳಬಾರದೆಂಬುದು ವೈದ್ಯ ವೃತ್ತಿಯ ನೀತಿಸಂಹಿತೆಯಲ್ಲೇ ಇದೆ. ಕುಟುಂಬ ನಿಯಂತ್ರಣ, ಮಕ್ಕಳಾಗದಿರುವುದು, ಕುಡಿತ, ಹೊಡೆತ, ಹದಿಹರೆಯದವರ ಸಂಕಟ, ಇಂಥ ವಿಷಯಗಳಲ್ಲಿ ‘ನಾನು ಒಬ್ಬಳೇ ಇದ್ದಾಗ ಮಾತಾಡಿರಿ’ ಎಂದು ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಈ ನಂಬಿಕೆಗೆ ಧಕ್ಕೆ ತರುವ ವೈದ್ಯರನ್ನು ಬದಲಾಯಿಸಲು ಹಿಂಜರಿಯಬೇಡಿ.

ಮಕ್ಕಳ ಲಸಿಕೆ ಅಂಗನವಾಡಿಯಲ್ಲೇ ಆಗುತ್ತದೆ. ವೈದ್ಯರ ಪಾತ್ರವೇನು?

ಆಶಾ ಕಾರ್ಯಕರ್ತೆಯರು ಮತ್ತು ಅಂಗನವಾಡಿಯವರು ಈ ಕೆಲಸವನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಾರೆಂಬುದಕ್ಕೆ, 2011ರ ಜನವರಿಯ ನಂತರ ದೇಶದಲ್ಲಿ ಕಾಡುಪೋಲಿಯೊದ (ನಿಸರ್ಗದಲ್ಲಿ ತಾನಾಗಿ ಹರಡುವ ವೈರಸ್ಸಿನಿಂದ ಬರುವ ಪೋಲಿಯೊದ) ಒಂದು ಪ್ರಕರಣವೂ ಕಂಡುಬಂದಿಲ್ಲ ಎಂಬುದೇ ಸಾಕ್ಷಿ. ಹುಟ್ಟಿದಾಗ, 6, 10, 14 ವಾರಗಳಲ್ಲಿ, 9 ತಿಂಗಳಲ್ಲಿ, 16ರಿಂದ 24 ತಿಂಗಳ ನಡುವೆ, ಐದು ವರ್ಷ ತುಂಬಿದ ಮೇಲೆ, ಆಮೇಲೆ 10 ಮತ್ತು 16ನೇ ವರ್ಷದಲ್ಲಿ ಲಸಿಕೆಗಳಿವೆ. ಮೊದಲ ಒಂದೂವರೆ ವರ್ಷ ಎಲ್ಲರೂ ನೆನಪಿಡುತ್ತಾರೆ. 10 ಮತ್ತು 16ರ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಲಸಿಕೆ ತಪ್ಪಿಹೋಗುವುದೇ ಹೆಚ್ಚು. ಕುಟುಂಬ ವೈದ್ಯರು ಕಾರ್ಡು ನೋಡಿ ತಪ್ಪಿದ್ದನ್ನು ಹಿಡಿಯುತ್ತಾರೆ, ಮಗುವಿನ ತೂಕ-ಎತ್ತರದ ಏರಿಕೆಯನ್ನು ಗಮನಿಸುತ್ತಾರೆ. ದೊಡ್ಡವರಿಗೂ ಲಸಿಕೆಗಳಿವೆ ಎಂಬುದು ಅನೇಕರಿಗೆ ಹೊಸ ಮಾತು: ಉಬ್ಬಸ, ಹೃದ್ರೋಗ, ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ನ್ಯುಮೋನಿಯ ತಡೆಯುವ ಲಸಿಕೆ ಉಪಯುಕ್ತ.

ನಾಯಿ ಕಡಿದರೆ ಮಾತ್ರ ಯಾರ ಸಲಹೆಗೂ ಕಾಯಬೇಡಿ. ಗಾಯವನ್ನು ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ. ಅರಿಶಿನ, ಖಾರದಪುಡಿ ಹಚ್ಚಬಾರದು.

ಕುಡಿಯುವ ನೀರು, ಸಂಗ್ರಹದ ನೀರಿನ ಬಗ್ಗೆ ವೈದ್ಯರು ಏಕೆ ವಿಚಾರಿಸುತ್ತಾರೆ?

ನಮ್ಮ ಭಾಗದಲ್ಲಿ ರೋಗದ ಅರ್ಧ ಚರಿತ್ರೆ ನೀರಿನಲ್ಲಿದೆ. ಹುಬ್ಬಳ್ಳಿ-ಧಾರವಾಡದ ಅನೇಕ ಬಡಾವಣೆಗಳಲ್ಲಿ ನಲ್ಲಿ ನೀರು ಹಲವು ದಿನಗಳಿಗೊಮ್ಮೆ ಬರುವುದರಿಂದ ಮನೆಮನೆಯಲ್ಲೂ ಬ್ಯಾರಲ್, ಸಿಂಟೆಕ್ಸ್, ಕೊಡಗಳು ತುಂಬಿರುತ್ತವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಬಯಸುವುದು ಇಂಥ ಸ್ವಚ್ಛ, ನಿಂತ ನೀರನ್ನೇ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು, ಮೊಟ್ಟೆಗಳು ಒಣಗಿದ ಬ್ಯಾರಲ್ಲಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಆದ್ದರಿಂದ ನೀರು ಚೆಲ್ಲಿದರಷ್ಟೇ ಸಾಲದು. ವಾರಕ್ಕೊಮ್ಮೆ ಒಳಗೋಡೆಯನ್ನು ಗಸಗಸ ತಿಕ್ಕಿ ತೊಳೆಯಬೇಕು, ಮುಚ್ಚಳ ಬಿಗಿಯಾಗಿರಬೇಕು. ಜ್ವರ ಬಂದಾಗ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆಯನ್ನು ಕೇಳದೆ ನುಂಗಬೇಡಿ, ಡೆಂಗಿಯಾಗಿದ್ದರೆ ಅದು ರಕ್ತಸ್ರಾವಕ್ಕೆ ದಾರಿ ಮಾಡುತ್ತದೆ.

ಗದಗ ಜಿಲ್ಲೆಯ ಮುಂಡರಗಿ ಭಾಗದವರ ಸಮಸ್ಯೆ ಬೇರೆ. ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಪ್ರಮಾಣ, ಬೇರೆ ನೀರೇ ಇಲ್ಲದಿದ್ದಾಗ 1.5 ಕೊನೆಯ ಮಿತಿ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರಲ್ಲಿ ಬೆನ್ನು-ಕೀಲುಗಳ ಬಿಗಿತ ಇದರ ಗುರುತುಗಳು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಸಾಂದ್ರತೆ ಇನ್ನಷ್ಟು ಹೆಚ್ಚುತ್ತದೆ. ಕುಡಿಯಲು ಮತ್ತು ಅಡುಗೆಗೆ ಎರಡಕ್ಕೂ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಬಳಸಬೇಕು. ಊರಿನ ನೀರನ್ನು ಬಲ್ಲ ವೈದ್ಯರು ಕೀಲುನೋವೆಂದು ಬಂದವರಿಗೆ ಗುಳಿಗೆ ಬರೆಯುವ ಮೊದಲು ‘ಯಾವ ಬೋರಿನ ನೀರು ಕುಡೀತೀರಿ?’ ಎಂದು ಕೇಳುತ್ತಾರೆ.

ನಾನು ಮಾಡುವ ಕೆಲಸಕ್ಕೂ ಆರೋಗ್ಯ ತಪಾಸಣೆಗೂ ಸಂಬಂಧವಿದೆಯೇ?

ನೇರ ಸಂಬಂಧವಿದೆ. ಹತ್ತಿ ಜಿನ್ನಿಂಗ್ ಮತ್ತು ನೂಲಿನ ಗಿರಣಿಗಳಲ್ಲಿ ದುಡಿಯುವವರಿಗೆ ವಾರದ ರಜೆಯ ಮರುದಿನ ಕೆಲಸಕ್ಕೆ ಮರಳಿದಾಗ ಎದೆ ಬಿಗಿದಂತಾದರೆ ಅದು ಹತ್ತಿಯ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯ ಮೊದಲ ಸೂಚನೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೆಮ್ಮನ್ನು ಬರೀ ನೆಗಡಿಯೆಂದು ನೋಡಲಾಗದು. ಹಾವೇರಿಯ ಗೋವಿನಜೋಳದ ಹೊಲಗಳಲ್ಲಿ ಎಣ್ಣಿ (ಕೀಟನಾಶಕ) ಹೊಡೆಯುವವರು ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಸಿಂಪಡಿಸಬಾರದು, ಮೂಗು-ಬಾಯಿ, ಕೈಗಳನ್ನು ಮುಚ್ಚಿಕೊಳ್ಳಬೇಕು, ಕೈ ತೊಳೆಯದೆ ಎಲೆ-ಅಡಿಕೆ ಹಾಕಬಾರದು. ಇದರ ಜೊತೆಗೆ ಎಲ್ಲರೂ ನೆನಪಿಡಬೇಕಾದದ್ದು: ಯಾವ ಕೆಲಸದವರೇ ಆಗಲಿ, ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಕಫ ಪರೀಕ್ಷೆ ಆಗಲೇಬೇಕು. ಅದು ಸರ್ಕಾರಿ ಕೇಂದ್ರಗಳಲ್ಲಿ ಉಚಿತ, ಚಿಕಿತ್ಸೆಯೂ ಉಚಿತ.

ಗುಟ್ಕಾ, ತಂಬಾಕು ಬಿಡಿಸುವುದು ವೈದ್ಯರಿಂದ ಸಾಧ್ಯವೇ?

ಸಾಧ್ಯ, ಆದರೆ ಒಂದೇ ಭೇಟಿಯಲ್ಲಿ ಅಲ್ಲ. ಬಾಯಿ ತೆರೆಯಲು ಬಿಗಿಯಾಗುವುದು, ಖಾರ ತಾಗಿದರೆ ಉರಿ, ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಇವು ಕ್ಯಾನ್ಸರಿನ ಮುನ್ಸೂಚನೆಗಳಿರಬಹುದು. ಬಿಡುವ ಮನಸ್ಸಿರುವವರಿಗೆ ನಿಕೋಟಿನ್ ಚೂಯಿಂಗ್ ಗಮ್ ಮುಂತಾದ ಔಷಧಗಳಿವೆ, 1800-11-2356 ಎಂಬ ಉಚಿತ ಸಹಾಯವಾಣಿ ಇದೆ. ಬಿಟ್ಟು ಮತ್ತೆ ಹಿಡಿದವರನ್ನು ಬೈಯದೆ ಪುನಃ ಆರಂಭಿಸಲು ನೆರವಾಗುವ ವೈದ್ಯರು ಬೇಕು.

ಮನಸ್ಸಿನ ತೊಂದರೆಯನ್ನೂ ಇವರ ಬಳಿ ಹೇಳಬಹುದೇ?

ಹೇಳಬಹುದು, ಹೇಳಬೇಕು. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಮೈಕೈ ನೋವು, ಎದೆ ಬಡಿತ ಎಂದು ಬರುವವರಲ್ಲಿ ಹಲವರ ಮೂಲ ಸಂಕಟ ಬೆಳೆನಷ್ಟವೋ ಸಾಲವೋ ಮಗನ ಚಿಂತೆಯೋ ಆಗಿರುತ್ತದೆ. ಮನೆಯ ಪರಿಸ್ಥಿತಿ ಬಲ್ಲ ವೈದ್ಯರಿಗೆ ಅದು ಬೇಗ ಹೊಳೆಯುತ್ತದೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮ್ಮ ಕೈಗೆಟುಕುವಲ್ಲೇ ಇದೆ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಸೂಜಿ ಮಾಡದ, ಸಲೈನ್ ಹಚ್ಚದ ವೈದ್ಯರಿಂದ ಬೇಗ ಗುಣವಾಗುತ್ತದೆಯೇ?

ಸಾಮಾನ್ಯ ನೆಗಡಿ, ಕೆಮ್ಮು, ವೈರಲ್ ಜ್ವರಕ್ಕೆ ಸೂಜಿಯೂ ಬೇಡ, ಆ್ಯಂಟಿಬಯಾಟಿಕ್ಕೂ ಬೇಡ. ಬಾಯಿಂದ ನೀರು ಕುಡಿಯಬಲ್ಲವರಿಗೆ ಸಲೈನ್ ಕೊಡುವುದು ಉಪ್ಪು ನೀರಿಗೆ ದುಬಾರಿ ಬೆಲೆ ತೆತ್ತಂತೆ. ಬೇಡದ ಆ್ಯಂಟಿಬಯಾಟಿಕ್ ಪದೇ ಪದೇ ನುಂಗಿದರೆ ನಿಜವಾಗಿ ಬೇಕಾದ ದಿನ ಅದು ಕೆಲಸ ಮಾಡುವುದಿಲ್ಲ. ಇದಕ್ಕಿಂತ ಹೆಚ್ಚು ನೋವು ಕೊಡುವ ಸಂಗತಿ ಇನ್ನೊಂದಿದೆ: ಮೊಣಕಾಲು, ಸೊಂಟ ನೋವಿಗೆ ಔಷಧ ಅಂಗಡಿಯಿಂದಲೇ ಗುಳಿಗೆ ತಂದು ವರ್ಷಗಟ್ಟಲೆ ನುಂಗಿ, ಮೂತ್ರಪಿಂಡ ಕೆಡಿಸಿಕೊಂಡು ಡಯಾಲಿಸಿಸ್‌ಗೆ ಬಂದು ನಿಲ್ಲುವ ಹಿರಿಯರು. ಚೀಟಿ ಇಲ್ಲದೆ ತಂದ ಪ್ರತಿಯೊಂದು ಗುಳಿಗೆಯನ್ನೂ ನಿಮ್ಮ ವೈದ್ಯರಿಗೆ ತೋರಿಸಿ, ನಾಟಿ ಔಷಧವನ್ನೂ ಸೇರಿಸಿ. ಔಷಧ ಬರೆಯದೆ ಹತ್ತು ನಿಮಿಷ ತಿಳಿಹೇಳಿ ಕಳಿಸಿದ ವೈದ್ಯರಿಗೆ ಫೀ ಕೊಡಲು ಬೇಸರಪಡಬೇಡಿ.

ನಮ್ಮ ಊರಲ್ಲಿ ಖಾಸಗಿ ವೈದ್ಯರಿಲ್ಲ, ಖರ್ಚು ಮಾಡುವ ಶಕ್ತಿಯೂ ಇಲ್ಲ. ನಮಗೇನು ದಾರಿ?

ಪ್ರಾಥಮಿಕ ಆರೋಗ್ಯ ಕೇಂದ್ರವೇ ನಿಮ್ಮ ಕುಟುಂಬ ವೈದ್ಯರ ಮನೆ. ಬಯಲುನಾಡಿನಲ್ಲಿ 30,000 ಜನಸಂಖ್ಯೆಗೆ ಒಂದು ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ ಇರಬೇಕೆಂಬುದು ನಿಯಮ. ಉಪಕೇಂದ್ರಗಳು ಆಯುಷ್ಮಾನ್ ಆರೋಗ್ಯ ಮಂದಿರಗಳಾದ ಮೇಲೆ ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳು ರಕ್ತದೊತ್ತಡ, ಸಕ್ಕರೆ ತಪಾಸಣೆ ಮಾಡುತ್ತಾರೆ, ಗುಳಿಗೆಗಳನ್ನೂ ಕೊಡುತ್ತಾರೆ. ನಗರದವರಿಗೆ 2022ರ ಡಿಸೆಂಬರಿನಿಂದ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಿವೆ. ಸರ್ಕಾರಿ ಕೇಂದ್ರಗಳಲ್ಲಿ ವೈದ್ಯರು ವರ್ಗವಾಗಿ ಹೋಗುವುದು ದೊಡ್ಡ ತೊಡಕು. ಅಂಥಲ್ಲಿ ಸಂಬಂಧದ ಎಳೆ ಹಿಡಿದಿಡುವವರು ಊರಿನ ಆಶಾ ಕಾರ್ಯಕರ್ತೆ, ನರ್ಸಮ್ಮ ಮತ್ತು ನಿಮ್ಮ ಕೈಯಲ್ಲಿರುವ ಫೈಲು.

ಆ ಫೈಲಿನಲ್ಲಿ ಏನೇನಿರಬೇಕು?

ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಫೈಲು. ಮೊದಲ ಹಾಳೆಯಲ್ಲಿ ಹೆಸರು, ಹುಟ್ಟಿದ ವರ್ಷ, ಒಗ್ಗದ ಔಷಧಗಳು, ಆಗಿರುವ ಶಸ್ತ್ರಚಿಕಿತ್ಸೆಗಳು, ತಂದೆ-ತಾಯಿ, ಅಣ್ಣ-ತಮ್ಮಂದಿರಿಗಿದ್ದ ಕಾಯಿಲೆಗಳನ್ನು ಬರೆಯಿರಿ. ಎರಡನೆಯ ಹಾಳೆಯಲ್ಲಿ ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳು. ಆಮೇಲೆ ದಿನಾಂಕದ ಕ್ರಮದಲ್ಲಿ ಚೀಟಿಗಳು ಮತ್ತು ವರದಿಗಳು, ಹೊಸದು ಮೇಲೆ. ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ಡಿಸ್ಚಾರ್ಜ್ ಸಾರಾಂಶವನ್ನು ಬಿಡದೆ ತೆಗೆದುಕೊಳ್ಳಿ. ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ. ಲ್ಯಾಬಿನ ಕೆಲವು ಕಾಗದಗಳ ಅಕ್ಷರ ವರ್ಷದೊಳಗೆ ಮಾಸಿಹೋಗುವುದರಿಂದ ಒಂದು ಝೆರಾಕ್ಸ್ ಅಥವಾ ಮೊಬೈಲ್ ಫೋಟೊ ಇರಲಿ.

ಕುಟುಂಬ ವೈದ್ಯರಿಗಾಗಿ ಕಾಯದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಯಾವಾಗ ಹೋಗಬೇಕು?

ಎದೆಯ ನಡುವೆ ಒತ್ತಿದಂಥ ನೋವು, ಅದರೊಂದಿಗೆ ಬೆವರು, ಮುಖ ಒಂದು ಕಡೆ ಸೊಟ್ಟಗಾಗುವುದು, ಕೈ ಅಥವಾ ಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು, ಉಸಿರು ಸಿಗದಿರುವುದು, ಹಾವು ಕಡಿತ, ವಿಷ ಸೇವನೆ, ಗರ್ಭಿಣಿಗೆ ರಕ್ತಸ್ರಾವ ಅಥವಾ ಫಿಟ್ಸ್: ಇವುಗಳಲ್ಲಿ ಯಾವುದಾದರೂ ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ. ಲಕ್ವದಲ್ಲಿ ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎದೆನೋವನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಬೆಳಗಿನವರೆಗೆ ಕಾದವರ ಕಥೆಗಳು ನಮ್ಮ ಊರುಗಳಲ್ಲಿ ಬಹಳ ಇವೆ.

ನಮ್ಮ ಹಳೆಯ ವೈದ್ಯರು ದವಾಖಾನೆ ಮುಚ್ಚುತ್ತಿದ್ದಾರೆ. ಹೊಸಬರನ್ನು ಹೇಗೆ ಆರಿಸಿಕೊಳ್ಳಬೇಕು?

ಮೊದಲು ಅವರನ್ನೇ ಕೇಳಿ. ತಮ್ಮ ರೋಗಿಗಳನ್ನು ಯಾರ ಕೈಗೆ ಒಪ್ಪಿಸಬಹುದೆಂದು ಅವರಷ್ಟು ಬಲ್ಲವರಿಲ್ಲ. ನಿಮ್ಮ ಕಾಯಿಲೆಗಳು ಮತ್ತು ಔಷಧಗಳ ಒಂದು ಪುಟದ ಸಾರಾಂಶ ಬರೆಸಿಕೊಳ್ಳಿ. ಹೊಸ ವೈದ್ಯರು ಮನೆಗೆ ಹತ್ತಿರದಲ್ಲಿರಲಿ, ವರ್ಷದ ಬಹುಪಾಲು ದಿನ ಸಿಗುವವರಾಗಿರಲಿ. ಅವರು ನಿಮ್ಮ ಮಾತನ್ನು ಪೂರ್ತಿ ಕೇಳುತ್ತಾರೆಯೇ, ಪರೀಕ್ಷೆ ಏಕೆ ಬೇಕೆಂದು ಹೇಳುತ್ತಾರೆಯೇ, ತಮಗೆ ಮೀರಿದ್ದನ್ನು ಹೊತ್ತಿಗೆ ಸರಿಯಾಗಿ ಮುಂದಕ್ಕೆ ಕಳಿಸುತ್ತಾರೆಯೇ ಎಂದು ನೋಡಿ. ಮೊದಲ ಭೇಟಿಯನ್ನು ಜ್ವರ ಬಂದ ದಿನಕ್ಕೆ ಇಟ್ಟುಕೊಳ್ಳದೆ, ಆರಾಮವಾಗಿರುವ ಒಂದು ದಿನ, ಗದ್ದಲ ಕಡಿಮೆ ಇರುವ ಹೊತ್ತು ಕೇಳಿಕೊಂಡು, ಮನೆಯವರೆಲ್ಲರ ಫೈಲುಗಳೊಂದಿಗೆ ಹೋಗಿ.